ರಸಮಟ್ಟ

ಗಾಲ್ಗಿಬಾಗಿನ ಗಾಳಿಮರದ ತೋಪಿನ್ಯಾಗ
ನನ್ನ ಕೆಲಸ ಏನಂದ್ರ
ಬಂದ ಗಾಡಿಮನಿಗೆ ಜಾಗಾ ತೋರಿಸೂದು,
ಗಾಲಿಗೆ ಅಡ್ಡಗಲ್ಲು ಕೊಡೂದು,
ಇಳಿಜಾರಿನ ಕಡೆ ಹಲಗಿ ಹಾಕಿ
ಮಟ್ಟ ಮಾಡಿ ಬಿಡೂದು.

ಗೌಂಡಿ ಇದ್ದೆ. ರೋಣದ ಕಡ್ಯಾವ.
ಮಡಗಾಂವದಾಗ ಎಷ್ಟು ಗ್ವಾಡಿ ಎಬ್ಬಿಸೇನಿ
ನಾ ಎಣಿಸಿಲ್ಲ, ಮೊಣಕಾಲು ಎಣಿಸ್ಯಾವ.
ಈಗ ಉಳಿದದ್ದು ಒಂದು ಕರಣಿ, ಒಂದು ತೂಗುಗುಂಡು,
ಈ ಹಳದಿ ರಸಮಟ್ಟ.
ಅದರ ಹೊಟ್ಟ್ಯಾಗ ಒಂದು ಗುಳ್ಳಿ,
ಗೆರಿ ನಡುವ ಬಂತಂದ್ರ
ಸಾಲಿ ಹುಡುಗನಂಗ ಕೈಕಟ್ಟಿ ನಿಲ್ತೈತಿ.

ಬರೂ ಮಂದಿ ಮೊಬೈಲ್ ಇಟ್ಟು ನೋಡ್ತಾರ.
ಅರ್ಧ ಡಿಗ್ರಿ, ಇನ್ನೂ ಅರ್ಧ ಡಿಗ್ರಿ ಅಂತಾರ.
ಮಟ್ಟ ಇಲ್ದಿದ್ರ ಅವರ ಫ್ರಿಜ್ಜು ತಂಪಾಗೂದಿಲ್ಲಂತ,
ಮೋರಿ ನೀರು ತಿರುಗಿ ಬರ್ತೈತಂತ,
ಕಪಾಟಿನ ಬಾಗಲಾ ತಾನಾಗೇ ತೆರಕೊಂಡು
ಪುಣೇದ ಬಾಯಾರ ಉಪ್ಪಿನಕಾಯಿ ಬಾಟ್ಲಿ ನೆಲಕ್ಕ.
ಇರಲಿ. ಅವರ ರೊಕ್ಕ, ನನ್ನ ಹಲಗಿ.

ಮಳಿ ಬಿಟ್ಟ ಮ್ಯಾಲ, ನವರಾತ್ರಿ ಮುಗಿದ ವಾರ,
ಎವಾರಿಸ್ತ್ ಬಂದ, ಕುಂಕಳ್ಳಿಯಾವ,
ಜೀಪಿನ ಹಿಂದ ತುಕ್ಕು ಹಿಡಿದ ಕ್ಯಾರವಾನ್ ಕಟ್ಟಿಕೊಂಡು.
ಮೂವತ್ತೊಂದು ವರ್ಷ ಹಡಗದಾಗ
ಇಂಜಿನ್ನಿಗೆ ಎಣ್ಣಿ ಹಾಕಿದ ಮನಷಾ.
ಕೈ ನೋಡಿದೆ. ನನ್ನವ್ ಸಿಮೆಂಟು ತಿಂದಾವ,
ಅವನವ್ ಡೀಸೆಲ್ ಕುಡದಾವ.

ಎಡಗಾಲಿ ಮೂರು ಬೆರಳು ತಗ್ಗಿನ್ಯಾಗ.
ಎರಡು ಹಲಗಿ ಇಟ್ಟೆ. ಬರ್ಲಿ, ಬರ್ಲಿ, ಹೂಂ, ಸಾಕ್.
ಮೂಗಿನ ಜ್ಯಾಕ್ ತಿರುವಿದೆ.
ಒಳಗ ಒಲಿ ಪಕ್ಕ ರಸಮಟ್ಟ ಇಟ್ಟೆ:
ಗುಳ್ಳಿ ಅತ್ತ ಹೋತು, ಇತ್ತ ಬಂತು,
ನಿಂತಿತು.
ಇನ್ನ ನಾಕು ಮೂಲಿಗೆ ನಾಕು ಕಾಲು ಇಳಿಸಿದ್ರ ಮುಗೀತು.
ಆ ಕಾಲು ಭಾರ ಹೊರೂದಿಲ್ಲ,
ಅಲುಗಾಡಬ್ಯಾಡ ಅಂತ ಗಾಡಿ ಹೆಗಲ ಹಿಡೀತಾವ, ಅಷ್ಟ.

"ಅದು ಬ್ಯಾಡ" ಅಂದ ಎವಾರಿಸ್ತ್.

ನನಗ ಸರಿ ಕೇಳಿಲ್ಲೇನೋ ಅಂತ ಹ್ಯಾಂಡಲ್ ಹಚ್ಚಿದೆ.
ಬಂದು ಕಸಕೊಂಡ.
ಅರ್ಧ ಕೊಂಕಣಿ, ಅರ್ಧ ಹಿಂದಿ, ನಡುವ ಯಾವುದೋ ಬಂದರದ ಮಾತು:
ಚಹಾ ಚೆಲ್ಲಬಾರದು, ಮಟ್ಟ ಬೇಕು.
ಆದ್ರ ನಾ ಮಗ್ಗಲ ಬದಲಿಸಿದ್ರ ಅದೂ ಬದಲಿಸಬೇಕು.
ಊರಾಗ ಮನಿ ಕಟ್ಟಿಸೇನಿ, ಇಟಲಿ ಕಲ್ಲಿನ ನೆಲ,
ಅದರ ಮ್ಯಾಲ ಎರಡು ವರ್ಷದಾಗ
ಒಂದ್ ರಾತ್ರಿ ನಿದ್ದಿ ಬಂದಿಲ್ಲ.
ಹೆಂಡ್ತಿ ಪಿಯೆದಾದ್ ಡಾಕ್ಟರಿಗೆ ತೋರಿಸಿದ್ಲು, ಪಾದ್ರಿಗೂ ತೋರಿಸಿದ್ಲು.
"ನೆಲ ಸುಮ್ನ ಬಿದ್ದಿರ್ತೈತಿ, ನೀಲಪ್ಪ.
ಸತ್ತಂಗ."

ಏನ ಹೇಳ್ಲಿ ನಾ?
ಅಲುಗಾಡೂ ಒಂದ ಒಂದು ಕಲ್ಲಿಗೆ
ಗಾಂವ್ಕರ್ ಕಂಟ್ರಾಕ್ಟರ್ ನನ್ನ ಅರ್ಧ ಪಗಾರ ಮುರಿದಿದ್ದ.
ಜಲ್ಮೆಲ್ಲ ಅಲುಗಾಡಬ್ಯಾಡ, ಅಲುಗಾಡಬ್ಯಾಡ ಅಂತ
ಕಲ್ಲಿಗೆ ಹೇಳಿಕೊಂತ ಬಂದಾವ.
ನಾಕೂ ಕಾಲು ಮಡಚಿ ಹೊಟ್ಟಿ ಕೆಳಗ ಸೇರಿಸಿದೆ,
ಹಿತ್ತಲದಾಗ ಆಕಳ ಮಲಗಿದಂಗ.

ರಾತ್ರಿ ಬ್ಯಾಟರಿ ಹಿಡಕೊಂಡು ಸುತ್ತು ಹಾಕೂಮುಂದ ನೋಡಿದೆ.
ಉಳಿದ ಗಾಡಿ ಎಲ್ಲಾ ಗಟ್ಟಿ ನಿಂತಾವ.
ಅವನದೊಂದ ಕಿರ್ ಅಂತು, ಎಡಕ್ಕ ಒಂದೀಟು,
ತಡೆದು, ಬಲಕ್ಕ ಒಂದೀಟು.
ಆಮ್ಯಾಲ ಗೊರಕಿ.
ಸಮುದ್ರ ನೂರು ಹೆಜ್ಜಿ ದೂರ,
ಅದರ ಪಾಡಿಗೆ ಅದು.

ನನ್ನ ತಗಡಿನ ಖೋಲಿಗೆ ಬಂದೆ.
ಶಂಕ್ರವ್ವ ಒಲಿ ಕೆಳಗ ಹೆಂಚಿನ ಚೂರು ಇಟ್ಟಾಳ, ಹನ್ನೊಂದು ವರ್ಷದಿಂದ.
ಸಾರು ಒಂದ ಕಡೆ ವಾಲ್ತೈತಿ ಅಂತ
ಒಮ್ಮಿ ಅಂದಿದ್ಲು, ಮತ್ತ ಅನ್ನಲಿಲ್ಲ.
ರಸಮಟ್ಟ ನೆಲದ ಮ್ಯಾಲ ಇಟ್ಟೆ, ಮೊದಲ ಸಲ.
ಗುಳ್ಳಿ ಓಡಿ ಹೋಗಿ ಮೂಲ್ಯಾಗ ಕುಂತಿತು,
ಬರಲೇ ಇಲ್ಲ.
"ಏನ ಅಳೀತಿ ಈ ಹೊತ್ನ್ಯಾಗ, ಮಕ್ಕೊ" ಅಂದ್ಲು.

ಮುಂಜಾನಿ ಎವಾರಿಸ್ತನ ಗಾಡಿ ಎಡಕ್ಕ ಒಂದ್ ಬೆರಳು ಇಳಿದಿತ್ತು,
ಉಸುಕು ಹಲಗಿ ತಿಂದಿತ್ತು.
ಕಿಡಕ್ಯಾಗಿಂದ ಕರದ.
ತವಾದ ಮ್ಯಾಲ ಎರಡು ತತ್ತಿ,
ಎರಡೂ ಒಂದ ಮಗ್ಗಲಿಗೆ ಜಾರಿ ಕೂಡಿಕೊಂಡಿದ್ವು.
"ಮಟ್ಟ ಮಾಡ್ಲೇನ್ರಿ?"
"ತಿಂದು ಮಾಡು" ಅಂದ,
ಪಾವು ಮುರಿದು ಕೊಟ್ಟ.
ಎರಡು ಹಲಗಿ ನನ್ನ ಖೋಲಿಗೆ ಒಯ್ಯಲೇನು ಅಂತ
ಮಾಲಕಗ ಕೇಳಬೇಕಂತಿದ್ದೆ, ಅಲ್ಲೇ ಹೊಂಟಿದ್ದ.
ಬಾಯಾಗ ಪಾವಿತ್ತು.